ಮೆದುಳು ಎಷ್ಟು ಮೆದು?

ಬಕ್ರೀದ್‌ನ ಮಧ್ಯಾಹ್ನ. ಅಂಗಳದಲ್ಲಿ ಗಂಡಸರು ಮಾಂಸದ ಪಾಲು ಹಾಕುತ್ತಿರುತ್ತಾರೆ. ಅಡುಗೆಮನೆಯಲ್ಲಿ ನಿಮ್ಮ ಮುಂದೆ ಎರಡು ತಟ್ಟೆಗಳು ಬಂದು ಕೂರುತ್ತವೆ. ಒಂದರಲ್ಲಿ ಕಲೇಜಿ, ಇನ್ನೊಂದರಲ್ಲಿ ಭೇಜಾ. ಕಲೇಜಿಯನ್ನು ಚೌಕ ಚೌಕವಾಗಿ ಕತ್ತರಿಸಲು ನೀವು ಎರಡು ಬಾರಿ ಯೋಚಿಸುವುದಿಲ್ಲ. ಭೇಜಾದ ವಿಷಯ ಬೇರೆ. ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಅದನ್ನು ಇಳಿಬಿಟ್ಟು, ಮೇಲಿನ ತೆಳು ಪೊರೆಯನ್ನು ರಕ್ತನಾಳಗಳ ಸಮೇತ ಬೆರಳ ತುದಿಯಿಂದ ಬಿಡಿಸುವಾಗ ಉಸಿರು ಬಿಗಿಹಿಡಿದಿರಬೇಕು. ತುಸು ಒತ್ತಿದರೂ ಬೆರಳು ಒಳಗಿಳಿಯುತ್ತದೆ. ಆಗಷ್ಟೇ ಒಲೆಯಿಂದ ಇಳಿಸಿದ ಗಿಣ್ಣದಷ್ಟು ಮೆತ್ತಗೆ. ಒಂದು ಕುದಿ ಬಂದ ಮೇಲೆಯೇ ಅದು ಕತ್ತರಿಸುವಷ್ಟು ಗಟ್ಟಿಯಾಗುವುದು.

ಸಹೋದರಿಯರೇ, ಇದನ್ನು ಹೇಳಿದ್ದು ಅಡುಗೆ ಕಲಿಸಲು ಅಲ್ಲ. ಅದನ್ನು ನೀವೇ ನನಗೆ ಕಲಿಸಬಲ್ಲಿರಿ. ದೇಹದ ಒಂದು ಅಂಗ ಎಷ್ಟು ಮೆದು, ಎಷ್ಟು ಗಟ್ಟಿ ಎಂಬುದನ್ನು ಬೆರಳಿನಿಂದ ಅಳೆಯುವ ವಿದ್ಯೆ ನಿಮಗೆ ಆಗಲೇ ಗೊತ್ತಿದೆ ಎಂದು ನೆನಪಿಸಲು ಹೇಳಿದೆ. ಕಲೇಜಿಯಲ್ಲಿ ಎಲ್ಲಾದರೂ ಗಂಟು ಸಿಕ್ಕರೆ "ಈ ಭಾಗ ಬೇಡ" ಎಂದು ತೆಗೆದಿಡುತ್ತೀರಿ. ವೈದ್ಯರು ಹೊಟ್ಟೆ ಒತ್ತಿ ನೋಡುವುದೂ, ಹೆಂಗಸರು ಎದೆಯಲ್ಲಿ ಗಂಟಿದೆಯೇ ಎಂದು ತಾವೇ ಮುಟ್ಟಿ ನೋಡಿಕೊಳ್ಳುವುದೂ ಇದೇ ವಿದ್ಯೆ. ಕಾಯಿಲೆ ಬಿದ್ದ ಅಂಗ ಅನೇಕ ಸಲ ತನ್ನ ಮೆದುತನವನ್ನು ಬದಲಿಸಿಕೊಳ್ಳುತ್ತದೆ.

ಆದರೆ ಒಂದು ಅಂಗಕ್ಕೆ ಮಾತ್ರ ಯಾವ ಬೆರಳೂ ತಾಗದು. ಅದು ತಲೆಬುರುಡೆ ಎಂಬ ಪೆಟ್ಟಿಗೆಯೊಳಗೆ ನೀರಿನಲ್ಲಿ ತೇಲುತ್ತಾ ಕೂತಿದೆ. ನನ್ನ ಖಾಲಾರ ತಲೆಯೊಳಗೆ ಏನಾಗಿದೆ ಎಂದು ತಿಳಿಯಲು ನಮ್ಮ ಮನೆತನಕ್ಕೆ ಎರಡು ವರ್ಷ ಹಿಡಿಯಿತು. ಅವರ ವಿಷಯ ಮುಂದೆ ಹೇಳುತ್ತೇನೆ. ಮೊದಲು ಒಬ್ಬ ಹುಡುಗಿಯ ಪ್ರಶ್ನೆ ಕೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವೊಂದಿದೆ. ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗೆಂದು ಕಾಪಿಡುವ ಕೇಂದ್ರ ಅಲ್ಲಿ 1995ರಲ್ಲಿ ಆರಂಭವಾಯಿತು. ಡಾ. ಎಸ್.ಕೆ. ಶಂಕರ್ ಅವರು ಅದನ್ನು ಕಟ್ಟಿ ಬೆಳೆಸಿದವರು. ಸಾರ್ವಜನಿಕರೂ ಹೋಗಿ ನೋಡಬಹುದು, ಕೈಗವಸು ಹಾಕಿಕೊಂಡು ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿಯಲೂ ಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಶಾಲೆಯ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾವೂ ಹೋಗಿದ್ದೆವು. ಹೆಚ್ಚಿನವರು ಹಿಂದೆ ಸರಿದು ನಿಂತರು. ಶಿರಹಟ್ಟಿಯ ಒಬ್ಬಳು ಮಾತ್ರ ಮುಂದೆ ಬಂದು ಎರಡೂ ಕೈಯಲ್ಲಿ ಹಿಡಿದಳು. ಅವಳ ತಂದೆಗೆ ಮಾಂಸದ ಅಂಗಡಿ ಇದೆ. ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ನನ್ನ ಕಡೆ ತಿರುಗಿ ಹೇಳಿದಳು: "ಆಪಾ, ಇದು ರಬ್ಬರ್ ಇದ್ದಂಗ ಐತಿ. ಭೇಜಾ ಹಿಂಗಿರೂದಿಲ್ಲಲ್ಲ?"

ನಾನು ನಿರುತ್ತರಳಾದೆ. ಮದ್ರಸದಲ್ಲಿ ಆಲಿಮಾ ಕೋರ್ಸ್ ಮುಗಿಸಿ, ಆಮೇಲೆ ಬಿ.ಎ. ಕಟ್ಟಿದವಳು ನಾನು. ನನ್ನ ವಿಜ್ಞಾನ ಹತ್ತನೇ ತರಗತಿಗೇ ನಿಂತಿತ್ತು. ಅಲ್ಲಿದ್ದವರೇ ಉತ್ತರ ಕೊಟ್ಟರು. ಸಂಗ್ರಹಾಲಯದ ಮೆದುಳು ವಾರಗಟ್ಟಲೆ ಫಾರ್ಮಲಿನ್ ದ್ರಾವಣದಲ್ಲಿ ನೆನೆದದ್ದು. ಆ ದ್ರಾವಣ ಅದನ್ನು ಕೆಡದಂತೆ ಕಾಯುತ್ತದೆ, ಜೊತೆಗೆ ಗಟ್ಟಿಯಾಗಿಸುತ್ತದೆ. ಜೀವಂತ ಮನುಷ್ಯನ ಮೆದುಳು ಹೀಗಿರುವುದಿಲ್ಲ, ನಿಮ್ಮ ಭೇಜಾದ ಹಾಗೆಯೇ ಬಹಳ ಮೆದು. ಹುಡುಗಿ ಬಿಡಲಿಲ್ಲ. "ಹಂಗಾದ್ರ ಜೀವಂತ ಇದ್ದವ್ರದು ಎಷ್ಟ ಮೆತ್ತಗ ಐತಿ ಅಂತ ಹೆಂಗ ನೋಡ್ತಾರ?" ಎಂದು ಕೇಳಿದಳು. ಊರಿಗೆ ಮರಳುವ ರೈಲಿನಲ್ಲೂ ಆ ಪ್ರಶ್ನೆ ನನ್ನ ಜೊತೆಗೇ ಬಂತು.

ಪ್ರಶ್ನೆ ಹಳೆಯದೇ. ಗ್ರೀಕ್ ವೈದ್ಯ ಗ್ಯಾಲೆನ್ ಎರಡನೇ ಶತಮಾನದಲ್ಲಿ ಪ್ರಾಣಿಗಳ ಮೆದುಳನ್ನು ಕೊಯ್ದು ನೋಡಿ, ಮುಂಭಾಗ ಮೆದು, ಹಿಂಭಾಗದ ಕಿರುಮೆದುಳು ಗಟ್ಟಿ ಎಂದು ಬರೆದಿದ್ದ. ಇಬ್ನ್ ಸೀನಾ (980-1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಅದನ್ನೇ ಮುಂದುವರಿಸಿ, ಮೆದುಳಿನ ಮುಂಭಾಗ ಹೆಚ್ಚು ಮೃದು, ಹಿಂಭಾಗ ಹೆಚ್ಚು ಗಟ್ಟಿ ಎಂದರು. ಇಂದು ಜೀವಂತ ಮನುಷ್ಯರಲ್ಲಿ ಅಳೆದು ನೋಡಿದವರಿಗೆ ಕಂಡದ್ದು ಇದರ ವಿರುದ್ಧ: ಕಿರುಮೆದುಳೇ ಉಳಿದ ಭಾಗಕ್ಕಿಂತ ಮೆದು. ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಎಲ್ಲವನ್ನೂ ಹೇಳಿಬಿಟ್ಟಿದ್ದರು ಎಂದು ಲೇಖನ ಮುಗಿಸುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ನನಗದು ಹಿಡಿಸದು. ಇಬ್ನ್ ಸೀನಾರ ದೊಡ್ಡತನ ಇರುವುದು ಮೆದುಳಿನ ಮೆದುತನವೂ ವೈದ್ಯ ಗಮನಿಸಬೇಕಾದ ಗುಣ ಎಂದು ಬಗೆದುದರಲ್ಲಿ. ಜೀವಂತ ಮೆದುಳನ್ನು ಮುಟ್ಟದೆ ಅಳೆಯುವ ಉಪಕರಣ ಅವರ ಕೈಯಲ್ಲಿ ಇರಲಿಲ್ಲ, ಅಷ್ಟೆ.

ಆ ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನಿಮ್ಮ ಮನೆಯ ಚಾದರ್ ಸಾಕು. ಒಗೆದು ಒಣಗಿಸಿದ ಚಾದರನ್ನು ಮಡಚಲು ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿಯುತ್ತೀರಿ. ಸಡಿಲವಾಗಿ ಹಿಡಿದು ಒಮ್ಮೆ ಝಾಡಿಸಿ. ಅಲೆ ತೆವಳಿಕೊಂಡು ಆ ತುದಿ ಸೇರುತ್ತದೆ. ಈಗ ಇಬ್ಬರೂ ಎಳೆದು ಬಿಗಿಮಾಡಿ ಝಾಡಿಸಿ. ಅಲೆ ಹೋದದ್ದೇ ಕಾಣದಷ್ಟು ಬೇಗ ಹೋಗಿರುತ್ತದೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಹಾಸಿನ ಎಳೆಯನ್ನು ಬೆರಳಿನಿಂದ ಮೀಟಿ ಬಿಗಿ ನೋಡುವುದೂ ಇದೇ ಲೆಕ್ಕ. ಚಾದರ್‌ನಲ್ಲಿ ನಾವು ಎಳೆದ ಬಿಗಿ, ಮೆದುಳಿನಲ್ಲಿ ಅಂಗಾಂಶದ ಸ್ವಂತ ಗಟ್ಟಿತನ. ಎರಡೂ ಒಂದೇ ಅಲ್ಲ, ಆದರೆ ನಿಯಮ ಒಂದೇ ಬಗೆಯದು. ಅಲೆ ಎಷ್ಟು ವೇಗವಾಗಿ ಓಡಿತು ಎಂದು ಗೊತ್ತಾದರೆ ವಸ್ತು ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಬಹುದು.

ಹಾಗಾದರೆ ಮೆದುಳಿನಲ್ಲಿ ಅಲೆ ಎಬ್ಬಿಸಬೇಕು, ಅದು ಓಡುವುದನ್ನು ನೋಡಬೇಕು. ಎಬ್ಬಿಸಲು ಒಂದು ಮೆತ್ತನೆಯ ದಿಂಬು. ಅದಕ್ಕೆ ಪ್ಲಾಸ್ಟಿಕ್ ಕೊಳವೆ ಜೋಡಿಸಿರುತ್ತಾರೆ. ಪಕ್ಕದ ಕೋಣೆಯಲ್ಲಿರುವ ಧ್ವನಿವರ್ಧಕದಂಥ ಯಂತ್ರ ಆ ಕೊಳವೆಯ ಮೂಲಕ ಗಾಳಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ದಿಂಬನ್ನು ಸೆಕೆಂಡಿಗೆ ಸುಮಾರು 60 ಸಲ ನಡುಗಿಸುತ್ತದೆ. ಮುಂಡರಗಿಯಿಂದ ಗದಗಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ತೂಕಡಿಸಿದವರಿಗೆ ಆ ನಡುಕ ಹೊಸದಲ್ಲ. ಬಸ್ಸಿನದೇ ಹೆಚ್ಚು ಒರಟು ಎನ್ನಬೇಕು. ಏಕೆಂದರೆ ಈ ದಿಂಬಿನಿಂದ ಮೆದುಳು ಅಲುಗುವುದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಇಷ್ಟು ಸಣ್ಣ ಅಲುಗಾಟವನ್ನು ನೋಡುವ ಕಣ್ಣು ಎಂ.ಆರ್.ಐ. ಯಂತ್ರ. ಅದರಲ್ಲಿ ಕ್ಷ-ಕಿರಣ ಇಲ್ಲ, ಇರುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆ. ದಿಂಬಿನ ತಾಳಕ್ಕೆ ಸರಿಯಾಗಿ ಯಂತ್ರದ ಅಯಸ್ಕಾಂತೀಯ ಬಲವನ್ನೂ ತಾಳ ಹಾಕಿಸಿದರೆ, ಚಿತ್ರದಲ್ಲಿ ಅಲೆಗಳು ಕೆರೆಯ ನೀರಿನ ಉಂಗುರಗಳಂತೆ ಮೂಡುತ್ತವೆ. ಮೆದುಳಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್, ಬಿರುಸಾಗಿ ನಡೆಯುವ ಮನುಷ್ಯನ ವೇಗದಷ್ಟೇ. ಒಂದು ಅಲೆಯಿಂದ ಮತ್ತೊಂದು ಅಲೆಗೆ ಎರಡೂವರೆ ಸೆಂಟಿಮೀಟರ್ ಆಸುಪಾಸು ಅಂತರ. ಗಟ್ಟಿ ಜಾಗದಲ್ಲಿ ಅಂತರ ಹಿಗ್ಗುತ್ತದೆ, ಮೆದು ಜಾಗದಲ್ಲಿ ಕುಗ್ಗುತ್ತದೆ. ಕಂಪ್ಯೂಟರ್ ಇದನ್ನೆಲ್ಲ ಲೆಕ್ಕ ಹಾಕಿ ಬಣ್ಣ ತುಂಬಿದ ನಕ್ಷೆ ಕೊಡುತ್ತದೆ. ಇದಕ್ಕೆ ಎಂ.ಆರ್. ಎಲಾಸ್ಟೋಗ್ರಫಿ ಎಂದು ಹೆಸರು. ಚಾಕು ಇಲ್ಲ, ಸೂಜಿ ಇಲ್ಲ. ನಡುಗಿಸಿ ಅಳೆಯುವ ಭಾಗ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರಾಜಾ ಮುತ್ತುಪಿಳ್ಳೈ, ರಿಚರ್ಡ್ ಎಹ್ಮನ್ ಮತ್ತು ಸಂಗಡಿಗರು ಈ ವಿಧಾನವನ್ನು 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಬಂದದ್ದು ಮಾತ್ರ ಕಲೇಜಿಯ ಮೂಲಕ. 2009ರಲ್ಲಿ ಅಮೆರಿಕದಲ್ಲಿ ಲಿವರ್ ಪರೀಕ್ಷೆಗೆ ಅನುಮತಿ ಸಿಕ್ಕಿತು. ಆರೋಗ್ಯವಂತ ಲಿವರ್‌ನ ಗಟ್ಟಿತನ ಸುಮಾರು 2.5 ಕಿಲೋಪಾಸ್ಕಲ್‌ಗಿಂತ ಕಡಿಮೆ. 5 ದಾಟಿದರೆ ಸಿರೋಸಿಸ್ ಎಂಬ ಅನುಮಾನ. ಈ ಕಿಲೋಪಾಸ್ಕಲ್ ಎಂಬುದು ಒತ್ತಡಕ್ಕೆ ವಸ್ತು ಎಷ್ಟು ಎದುರು ನಿಲ್ಲುತ್ತದೆ ಎಂದು ಅಳೆಯುವ ಮಾಪನ. ಲಿವರ್‌ನ ಗಟ್ಟಿತನವನ್ನು ಅಲ್ಟ್ರಾಸೌಂಡ್ ಬಗೆಯ ಯಂತ್ರದಿಂದಲೂ ಅಳೆಯುತ್ತಾರೆ. ಫೈಬ್ರೋಸ್ಕ್ಯಾನ್ ಎಂಬ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ತಲೆಗೆ ಅದು ನಡೆಯುವುದಿಲ್ಲ, ಬುರುಡೆ ಅಡ್ಡ ಬರುತ್ತದೆ.

ಇನ್ನು ಮೆದುಳಿನ ಸಂಗತಿ. ಜರ್ಮನಿಯ ಬರ್ಲಿನ್‌ನಲ್ಲಿ ಇಂಗೋಲ್ಫ್ ಸಾಕ್ ಮತ್ತು ಸಂಗಡಿಗರು 18ರಿಂದ 88 ವರ್ಷದವರೆಗಿನ 55 ಆರೋಗ್ಯವಂತರ ಮೆದುಳನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮೆದುಳು ಸರಾಸರಿ ಶೇ. 0.8ರಷ್ಟು ಮೆದುವಾಗುತ್ತಾ ಹೋಗುವುದು ಅವರಿಗೆ ಕಂಡಿತು. ಇನ್ನೊಂದು ಅಂಶವೂ ಕಂಡಿತು: ಹೆಂಗಸರ ಮೆದುಳು ಗಂಡಸರದಕ್ಕಿಂತ ಸರಾಸರಿ ಶೇ. 9ರಷ್ಟು ಗಟ್ಟಿ. ಈ ಲೆಕ್ಕದಲ್ಲಿ ನಮ್ಮ ಮೆದುಳು ಗಂಡಸರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕದು ಎಂದು ಅವರು ಬರೆದರು. ಊಟದ ಹೊತ್ತಿನಲ್ಲಿ ಯಜಮಾನರಿಗೆ ಓದಿ ಹೇಳುವ ಮೊದಲು ಸ್ವಲ್ಪ ತಾಳಿ. ಬೇರೆಯವರು ಅಳೆದಾಗ ಹೆಣ್ಣು ಗಂಡಿನ ವ್ಯತ್ಯಾಸ ಮೆದುಳಿನ ಕೆಲವು ಭಾಗಗಳಲ್ಲಿ ಮಾತ್ರ ಕಂಡಿದೆ. ಮೆದುಳು ಗಟ್ಟಿ ಎಂದರೆ ಬುದ್ಧಿ ಗಟ್ಟಿ ಎಂದೂ ಅರ್ಥವಲ್ಲ.

2011ರಲ್ಲಿ ಮೇಯೋ ಕ್ಲಿನಿಕ್‌ನವರು ಅಲ್ಝೈಮರ್ ಕಾಯಿಲೆಯವರನ್ನು ಅದೇ ವಯಸ್ಸಿನ ಆರೋಗ್ಯವಂತರೊಂದಿಗೆ ಹೋಲಿಸಿದರು. ಆರೋಗ್ಯವಂತರಲ್ಲಿ 2.37 ಕಿಲೋಪಾಸ್ಕಲ್, ಕಾಯಿಲೆಯವರಲ್ಲಿ 2.20. ಕಾಯಿಲೆಯ ಮೆದುಳು ಇನ್ನಷ್ಟು ಮೆದುವಾಗಿದೆ. ನರಕೋಶಗಳು, ಅವುಗಳನ್ನು ಹಿಡಿದಿಟ್ಟ ಎಳೆಗಳು ಸಡಿಲಗೊಂಡದ್ದರ ಗುರುತು ಅದು ಎನ್ನುತ್ತಾರೆ. ಆದರೆ ವ್ಯತ್ಯಾಸ ಎಷ್ಟು ಕಿರಿದು ನೋಡಿ! ಒಬ್ಬ ವ್ಯಕ್ತಿಯ ಒಂದು ಅಳತೆ ಹಿಡಿದು "ನಿಮಗೆ ಅಲ್ಝೈಮರ್ ಇದೆ" ಎಂದು ಹೇಳಲಾಗದು. ಮೇಲಾಗಿ ಇವೆಲ್ಲ ದೂರದೇಶದ ಕೆಲವೇ ಜನರ ಮೇಲಿನ ಅಳತೆಗಳು. ನಮ್ಮ ಹಳ್ಳಿಯ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರ ಮೆದುಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನ ಶುರುಮಾಡಿತು. 45 ದಾಟಿದ ಸಾವಿರಾರು ಜನರನ್ನು ವರ್ಷಾನುವರ್ಷ ಹಿಂಬಾಲಿಸಿ ನೋಡುವ ಕೆಲಸ ಅದು. ಅದರಲ್ಲಿ ನೆನಪಿನ ಪರೀಕ್ಷೆ, ರಕ್ತಪರೀಕ್ಷೆಗಳ ಜೊತೆಗೆ ಮೆದುಳಿನ ಎಂ.ಆರ್.ಐ. ಕೂಡ ಇದೆ. ಅವರ ಮುಖ್ಯ ಗಮನ ಮೆದುತನವಲ್ಲ, ಆದರೂ ಇಂಥ ಅಧ್ಯಯನಗಳಿಲ್ಲದೆ ಬರ್ಲಿನ್‌ನ ಲೆಕ್ಕವನ್ನು ಬೆಟಗೇರಿಗೆ ಹಚ್ಚುವುದು ಸರಿಯಲ್ಲ.

ಮೆದುತನದ ಅಳತೆ ಈಗಲೇ ಒಂದು ಕಡೆ ಕೈಗೆ ಬರುವಂತಿದೆ. ಮೆನಿಂಜಿಯೋಮಾ ಎಂಬ ಗಡ್ಡೆ ಮೆದುಳಿನ ಮೇಲಿನ ಪೊರೆಯಲ್ಲಿ ಬೆಳೆಯುತ್ತದೆ. ಅದೇ ಪೊರೆ, ಭೇಜಾದ ಮೇಲಿಂದ ನೀವು ಬಿಡಿಸುವಂಥದ್ದು. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಗಡ್ಡೆ ಮೆತ್ತಗಿದ್ದರೆ ಶಸ್ತ್ರಚಿಕಿತ್ಸಕರು ಅದನ್ನು ಹೀರಿ ತೆಗೆಯಬಹುದು, ಕಲ್ಲಿನಂತಿದ್ದರೆ ಚೂರು ಚೂರಾಗಿ ಬಿಡಿಸಲು ತಾಸುಗಟ್ಟಲೆ ಬೇಕು. ತಲೆ ತೆರೆಯುವ ಮೊದಲೇ ಇದು ಗೊತ್ತಾದರೆ ಎಷ್ಟು ಹೊತ್ತು, ಎಷ್ಟು ರಕ್ತ, ಯಾವ ಉಪಕರಣ ಎಂದು ಸಿದ್ಧರಾಗಬಹುದು. ಈ ಅಳತೆ ಬಹುಮಟ್ಟಿಗೆ ಸರಿಬರುತ್ತದೆ ಎಂದು 2013ರಿಂದೀಚೆಗೆ ತೋರಿಸಿದ್ದಾರೆ.

ಈಗ ಖಾಲಾರ ವಿಷಯ. ಲಕ್ಷ್ಮೇಶ್ವರದಲ್ಲಿ ಅವರ ಮನೆ. 70 ದಾಟುವವರೆಗೂ ಸಂತೆಗೆ ತಾವೇ ನಡೆದು ಹೋಗುತ್ತಿದ್ದವರು. ಮೊದಲು ಕೆಟ್ಟದ್ದು ನಡಿಗೆ. ಪಾದಗಳನ್ನು ನೆಲಕ್ಕೆ ಅಂಟು ಹಾಕಿ ಹಿಡಿದಂತೆ, ಸಣ್ಣ ಸಣ್ಣ ಹೆಜ್ಜೆ. ಹೊರಳಿ ನಿಲ್ಲಲು ಐದಾರು ಹೆಜ್ಜೆ ಬೇಕು. ಮೊಣಕಾಲು ಎಂದುಕೊಂಡು ಎಣ್ಣೆ ತಿಕ್ಕಿದ್ದಾಯಿತು. ಕೆಲವು ತಿಂಗಳ ಬಳಿಕ ಸೊಸೆ ಗಮನಿಸಿದಳು: ಖಾಲಾ ನಸುಕಿನಲ್ಲೇ ಎದ್ದು ತಮ್ಮ ಬಟ್ಟೆ ತಾವೇ ಒಗೆದು ಹಾಕುತ್ತಿದ್ದಾರೆ. ಮೂತ್ರ ತಡೆಯಲು ಆಗುತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಪಾಕಿ ಉಳಿಯುವುದಿಲ್ಲ ಎಂಬ ಭಯಕ್ಕೆ ನಮಾಝ್‌ಗೆ ನಿಲ್ಲುವುದನ್ನೇ ಬಿಟ್ಟು, ಕೇಳಿದರೆ ಮಾತು ತಪ್ಪಿಸುತ್ತಿದ್ದರು. ಆಮೇಲೆ ಮರೆವು ಬಂತು. ಸಾರಿಗೆ ಎರಡು ಬಾರಿ ಉಪ್ಪು. ಹೇಳಿದ್ದನ್ನೇ ಹೇಳುವುದು. ಮಧ್ಯಾಹ್ನವೆಲ್ಲ ಗೋಡೆ ನೋಡುತ್ತಾ ಸುಮ್ಮನೆ ಕೂರುವುದು.

'ಅರವತ್ತಕ್ಕೆ ಅರಳುಮರಳು' ಎಂದರು ನೆರೆಯವರು. ಅಸರ್ ಆಗಿದೆ ಎಂದರು ಕೆಲವರು. ಒಬ್ಬ ವೈದ್ಯರು ವಯಸ್ಸು ಎಂದು ಟಾನಿಕ್ ಬರೆದುಕೊಟ್ಟರು. ಆ ಸೊಸೆ ನನ್ನ ಮುಂದೆ ಅತ್ತಾಗ "ಸಬರ್ ಮಾಡು, ದೊಡ್ಡವರ ಸೇವೆಗೆ ಪ್ರತಿಫಲವಿದೆ" ಎಂದು ಬುದ್ಧಿ ಹೇಳಿ ಬಂದವಳು ನಾನೇ. ಹೇಳಿದ ಮಾತು ಸುಳ್ಳಲ್ಲ. ಆದರೆ ಅದೇ ಉಸಿರಿನಲ್ಲಿ "ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ" ಎನ್ನಬೇಕಿತ್ತು. ಅನ್ನಲಿಲ್ಲ. ಎರಡು ವರ್ಷ ಹೀಗೆ ಹೋಯಿತು.

ಕೊನೆಗೆ ಹುಬ್ಬಳ್ಳಿಯಲ್ಲಿ ನರರೋಗ ತಜ್ಞರು ನಡಿಗೆ ನೋಡಿದ ಕೂಡಲೇ ಮೂರು ಪ್ರಶ್ನೆ ಕೇಳಿದರು: ನಡಿಗೆ, ಮೂತ್ರ, ಮರೆವು, ಯಾವುದು ಮೊದಲು ಬಂತು? ಎಂ.ಆರ್.ಐ. ಮಾಡಿಸಿದಾಗ ಮೆದುಳಿನ ಒಳಗಿನ ನೀರಿನ ಕೋಣೆಗಳು ಉಬ್ಬಿಕೊಂಡಿದ್ದವು. ನಮ್ಮ ಮೆದುಳು ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿನೀರು ತಯಾರಿಸುತ್ತದೆ. ಅದು ಸುತ್ತಾಡಿ ರಕ್ತಕ್ಕೆ ಸೇರಿಹೋಗಬೇಕು. ಕೆಲವು ವೃದ್ಧರಲ್ಲಿ ಈ ಹರಿವು ಕೆಟ್ಟು ನೀರಿನ ಕೋಣೆಗಳು ಹಿಗ್ಗಿ ಸುತ್ತಲಿನ ಮೆದುಳನ್ನು ಒತ್ತುತ್ತವೆ. ಸೂಜಿ ಹಾಕಿ ಅಳೆದರೆ ಒತ್ತಡ ಮಾತ್ರ ಸಾಮಾನ್ಯವಾಗಿಯೇ ಕಾಣಬಹುದು. ಅದಕ್ಕೇ 'ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್' ಎಂಬ ಉದ್ದ ಹೆಸರು. 1965ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಮುಖ್ಯರು ಕೊಲಂಬಿಯಾ ದೇಶದ ಶಸ್ತ್ರವೈದ್ಯ ಸಾಲೊಮೊನ್ ಹಕೀಮ್, ಲೆಬನಾನ್ ಮೂಲದ ಕುಟುಂಬದವರು. ಹೆಸರಿಗೆ ತಕ್ಕ ಹಕೀಮ್!

ಮರೆವು ತರುವ ಕಾಯಿಲೆಗಳಲ್ಲಿ ಚಿಕಿತ್ಸೆಗೆ ಬಗ್ಗುವ ಕೆಲವೇ ಕಾಯಿಲೆಗಳ ಪೈಕಿ ಇದೊಂದು. ಖಾಲಾರ ಬೆನ್ನುಹುರಿಯ ಬಳಿ ಸೂಜಿ ಹಾಕಿ ಸುಮಾರು 40 ಮಿ.ಲೀ. ನೀರು ತೆಗೆದರು, ಅರ್ಧ ಚಹಾ ಕಪ್ಪಿನಷ್ಟು. ಮರುದಿನ ಅವರು ವಾರ್ಡಿನ ಆ ತುದಿಯವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆದರು. ಸೊಸೆ ಹಿಂದೆ ಹಿಂದೆ ಓಡುತ್ತಿದ್ದಳು. ಆಮೇಲೆ ಶಂಟ್ ಹಾಕಿದರು. ತಲೆಯಿಂದ ಚರ್ಮದಡಿಯಲ್ಲೇ ಹೊಟ್ಟೆಗೆ ಇಳಿಯುವ ಸಣ್ಣ ಕೊಳವೆ ಅದು, ಹೆಚ್ಚಾದ ನೀರನ್ನು ಹರಿಸುತ್ತದೆ. ನಡಿಗೆ ಬಹುಮಟ್ಟಿಗೆ ಮರಳಿತು. ಮೂತ್ರದ ತೊಂದರೆ ಕಡಿಮೆಯಾಯಿತು. ನೆನಪು ಪೂರ್ತಿ ಬರಲಿಲ್ಲ. ತಡವಾದಷ್ಟೂ ಮರಳಿ ಸಿಗುವುದು ಕಡಿಮೆ ಎಂದು ವೈದ್ಯರು ಹೇಳಿದಾಗ ನಾನು ಆ ಸೊಸೆಯ ಮುಖ ನೋಡಲಿಲ್ಲ.

ಮೆದುತನದ ಅಳತೆಗೆ ಇಲ್ಲೇನು ಕೆಲಸ ಎಂದು ಕೇಳುತ್ತೀರಿ. ಶಂಟ್ ಎಲ್ಲರಿಗೂ ಫಲ ಕೊಡುವುದಿಲ್ಲ. ಸೋಂಕು, ರಕ್ತಸ್ರಾವ, ಕೊಳವೆ ಕಟ್ಟಿಕೊಳ್ಳುವ ಅಪಾಯಗಳಿವೆ. ಒಬ್ಬರಲ್ಲೇ ಈ ಕಾಯಿಲೆಯೂ ಅಲ್ಝೈಮರೂ ಜೊತೆಯಾಗಿ ಇರಬಹುದು. ಸಾಮಾನ್ಯ ಸ್ಕ್ಯಾನಿನಲ್ಲಿ ಉಬ್ಬಿದ ಕೋಣೆ ಕಂಡರೆ ಅದು ನೀರಿನ ಒತ್ತಡದಿಂದಲೋ, ಮೆದುಳು ಸವೆದು ಜಾಗ ಖಾಲಿಯಾದುದರಿಂದಲೋ ಎಂದು ಹೇಳುವುದು ಯಾವಾಗಲೂ ಸುಲಭವಲ್ಲ. ಎಲಾಸ್ಟೋಗ್ರಫಿಯಲ್ಲಿ ಈ ಎರಡು ಕಾಯಿಲೆಗಳ ನಕ್ಷೆ ಬೇರೆ ಬೇರೆಯಾಗಿ ಕಾಣುತ್ತಿದೆ. ನೀರಿನ ಕಾಯಿಲೆಯಲ್ಲಿ ಕೋಣೆಗಳ ಸುತ್ತ ಮೆದು, ಮೇಲೆ ಬುರುಡೆಯ ಕಡೆಗೆ ಒತ್ತಿಕೊಂಡ ಭಾಗ ಗಟ್ಟಿ. ಯಾರಿಗೆ ಶಂಟ್ ಹಾಕಬೇಕು, ಯಾರ ತಲೆಗೆ ಸುಮ್ಮನೆ ರಂಧ್ರ ಕೊರೆಯಬಾರದು ಎಂದು ಮುಂದೆ ಈ ದಿಂಬು ಹೇಳೀತು ಎಂಬ ಆಸೆ ಸಂಶೋಧಕರಿಗಿದೆ.

ಆದರೆ ಇದನ್ನು ಓದಿ ನಾಳೆಯೇ ಆಸ್ಪತ್ರೆಗೆ ಹೋಗಿ "ನಮ್ಮ ಅಮ್ಮಿಯ ಮೆದುಳಿನ ಮೆದುತನ ಅಳೆಯಿರಿ" ಎಂದು ಕೇಳಬೇಡಿ. ಮೆದುಳಿಗೆ ಸಂಬಂಧಿಸಿ ಇದು ಇಂದಿಗೂ ಹೆಚ್ಚಾಗಿ ಸಂಶೋಧನಾ ಕೇಂದ್ರಗಳ ಪರೀಕ್ಷೆ, ಚೀಟಿಯಲ್ಲಿ ಬರೆದುಕೊಡುವ ಪರೀಕ್ಷೆಯಲ್ಲ. ಖಾಲಾರಿಗೆ ಬೇಕಿದ್ದುದೂ ಅದಲ್ಲ. ನಡಿಗೆ ನೋಡುವ ಒಬ್ಬ ವೈದ್ಯರು, ಒಂದು ಸಾಮಾನ್ಯ ಸ್ಕ್ಯಾನ್, ಒಂದು ಸೂಜಿ. ಆ ದಾರಿ ನಮ್ಮ ಜಿಲ್ಲೆಯಿಂದ ದೂರವೇನಲ್ಲ. ಗದಗದಲ್ಲೇ ಮಲ್ಲಸಮುದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ 'ಕಭಿ' ಎಂಬ ಕಾರ್ಯಕ್ರಮದ ಉದ್ದೇಶವೇ ಮರೆವು, ಲಕ್ವ, ಮೂರ್ಛೆಯಂಥ ಕಾಯಿಲೆಗಳನ್ನು ಬೆಂಗಳೂರಿನವರೆಗೆ ಹೋಗದೆ ಗುರುತಿಸುವಂತೆ ಸರ್ಕಾರಿ ವೈದ್ಯರಿಗೆ ತರಬೇತಿ ಕೊಡುವುದು.

ಹೋಗುವಾಗ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ನಡಿಗೆ ಯಾವ ತಿಂಗಳಿಂದ ಕೆಟ್ಟಿತು, ಬಟ್ಟೆ ಒದ್ದೆಯಾಗುವುದು ಯಾವಾಗಿನಿಂದ, ಮರೆವು ಯಾವಾಗಿನಿಂದ. ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಇನ್ನೂ ಒಳ್ಳೆಯದು. ಮೂತ್ರದ ವಿಷಯವನ್ನು ಹಿರಿಯರು ತಾವಾಗಿ ಹೇಳುವುದಿಲ್ಲ, ನೀವೇ ನಾಜೂಕಾಗಿ ಕೇಳಬೇಕು. ಅವರಿಗೆ ಇದನ್ನೂ ತಿಳಿಸಿ: ತಡೆಯಲಾರದವರಿಗೆ ಶರೀಅತ್‌ನಲ್ಲಿ ಮಾಝೂರ್ ಎಂಬ ರಿಯಾಯಿತಿ ಇದೆ, ನಮ್ಮ ಹನಫಿ ಫಿಕ್‌ಹ್ ಪ್ರಕಾರ ಅಂಥವರು ಪ್ರತಿ ನಮಾಝಿನ ವೇಳೆಗೊಮ್ಮೆ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ಖಾಲಾರಿಗೆ ಇದನ್ನು ನಾನು ಮೊದಲೇ ಹೇಳಿದ್ದರೆ ಅಷ್ಟು ದಿನ ಅವರು ಬಚ್ಚಿಟ್ಟುಕೊಳ್ಳುತ್ತಿರಲಿಲ್ಲವೇನೋ.

ಎಂ.ಆರ್.ಐ. ಮಾಡಿಸುವವರಿಗೆ ಇನ್ನಷ್ಟು. ಆ ಅಯಸ್ಕಾಂತ ಕಬ್ಬಿಣದ ವಸ್ತುವನ್ನು ಗುಂಡಿನಂತೆ ಎಳೆದುಕೊಳ್ಳುತ್ತದೆ. ದುಪಟ್ಟಾಕ್ಕೆ ಚುಚ್ಚಿದ ಪಿನ್ನು, ಬುರ್ಖಾದ ಗುಂಡಿ ಮತ್ತು ಝಿಪ್ಪು, ಕೂದಲಿನ ಕ್ಲಿಪ್ಪು, ತೋಳಿನ ಲೋಹದ ತಾಯತ, ಎಲ್ಲವನ್ನೂ ಮನೆಯಲ್ಲೇ ಬಿಚ್ಚಿಡಿ. ಪಿನ್ನಿಲ್ಲದೆ ಸುತ್ತಿದ ಹತ್ತಿಯ ದುಪಟ್ಟಾಕ್ಕೆ ಸಾಮಾನ್ಯವಾಗಿ ಅಡ್ಡಿ ಹೇಳುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ ಮರೆಯದೆ ತಿಳಿಸಿ. ತಲೆಗೆ ಶಂಟ್ ಹಾಕಿದ್ದರೂ ತಿಳಿಸಿ. ಕೆಲವು ಬಗೆಯ ಶಂಟ್‌ನ ಕವಾಟವನ್ನು ಸ್ಕ್ಯಾನಿನ ನಂತರ ಮತ್ತೆ ಸರಿಪಡಿಸಬೇಕಾಗುತ್ತದೆ.

ಬಂಗಾರವನ್ನು ಅಯಸ್ಕಾಂತ ಸೆಳೆಯದು, ಆದರೂ ತಿರುಪು ಬೇರೆ ಲೋಹದ್ದಿರಬಹುದು, ಚಿತ್ರವೂ ಕೆಡುತ್ತದೆ ಎಂದು ಮೂಗುಬೊಟ್ಟನ್ನೂ ತೆಗೆಸುತ್ತಾರೆ. ಖಾಲಾರದು ಮದುವೆಯಲ್ಲಿ ಹಾಕಿದ್ದು, ಐವತ್ತು ವರ್ಷಗಳಿಂದ ಬಿಚ್ಚಿರಲಿಲ್ಲ. ಸೊಸೆ ಕೊಬ್ಬರಿ ಎಣ್ಣೆ ಹಚ್ಚಿದಳು, ನರ್ಸ್ ಸೋಪು ಹಚ್ಚಿದಳು, ಮುಕ್ಕಾಲು ತಾಸು ಹೋಯಿತು. ಕಡೆಗೆ ಅದು ಕೈಗೆ ಬಂದಾಗ ಖಾಲಾ ಮೂಗು ಸವರಿಕೊಳ್ಳುತ್ತಾ ನನಗಂದರು: "ನೋಡ್ ಬೇಟಿ, ತಲಿ ಒಡೀದs ಒಳಗ ನೋಡೂದು ಇವ್ರಿಗೆ ಬರ್ತೈತಿ, ಒಂದು ಮೂಗಬಟ್ಟು ಬಿಚ್ಚೂದು ಬರಂಗಿಲ್ಲ."